ಕಣ್ಣು ಮಿಟುಕಿಸುವಷ್ಟು ದಯೆ

ಆ ಕಂಪನಿಯಲ್ಲಿ ಉಳಿದವರೆಲ್ಲ ಗೆಲ್ಲುವುದಕ್ಕೆ ಸಂಬಳ ತೆಗೆದುಕೊಂಡರೆ ಸೋಲಮ್ಮ ಸೋಲುವುದಕ್ಕೆ ತೆಗೆದುಕೊಳ್ಳುತ್ತಿದ್ದಳು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಬಾಗಿಲ ಬಳಿಯ ಹಾಜರಿ ಯಂತ್ರ ಬಿಟ್ಟರೆ ಬೇರೆ ಯಾರೂ ಬಳಸುತ್ತಿರಲಿಲ್ಲ. ಅಲ್ಲಿ ತಯಾರಾಗುತ್ತಿದ್ದದ್ದು ವಿಡಿಯೊ ಗೇಮು. ಹೊಸ ಆಟ ಆದ ಕೂಡಲೇ ಇವಳ ಮುಂದೆ ಇಡುತ್ತಿದ್ದರು. ಇವಳು ಆಡುತ್ತಿದ್ದಳು, ಸಾಯುತ್ತಿದ್ದಳು. ಎಲ್ಲಿ ಸತ್ತಳೋ ಅಲ್ಲಿ ಆಟವನ್ನು ಒಂದಿಷ್ಟು ಮೆತ್ತಗೆ ಮಾಡುತ್ತಿದ್ದರು. ಸೋಲಮ್ಮ ದಾಟಿದಳು ಎಂದರೆ ಭೂಮಿಯ ಮೇಲೆ ಯಾರು ಬೇಕಾದರೂ ದಾಟುತ್ತಾರೆ ಎಂದು ನಂಬಿಕೆ.

ಇದು ಸುಮ್ಮನೆ ಬರುವ ವಿದ್ಯೆಯಲ್ಲ. ಬೇಕೆಂದೇ ಸೋಲುವವರು ಬೀದಿಗೊಬ್ಬರು ಸಿಗುತ್ತಾರೆ. ಹಲ್ಲು ಕಚ್ಚಿ ಗೆಲ್ಲಲು ಹೊರಟು, ಪ್ರತಿಸಲವೂ ಸೋಲುವವರು ಅಪರೂಪ. ಗುಂಡಿ ಒತ್ತು ಎಂದು ಪರದೆ ಹೇಳಿದ್ದು ಅವಳ ಕಣ್ಣಿಗೆ ಬಿದ್ದು, ಅಲ್ಲಿಂದ ಬೆರಳಿಗೆ ಇಳಿಯುವ ಹೊತ್ತಿಗೆ ಆಟದೊಳಗಿನವನ ಹೆಣ ತಣ್ಣಗಾಗಿರುತ್ತಿತ್ತು.

ಕಚೇರಿಯಲ್ಲಿ ಅವಳ ಜೊತೆ ಕೂತು ಚಹಾ ಕುಡಿಯುತ್ತಿದ್ದವನು ಅಜ್ಜ. ವಯಸ್ಸಿನಲ್ಲಿ ಅಜ್ಜನಲ್ಲ, ತಲೆ ಬೋಳಾಗಿತ್ತು ಅಷ್ಟೇ. ಹರೆಯದಲ್ಲಿ ನಾಣ್ಯ ಹಾಕಿ ಆಡುವ ದೊಡ್ಡ ಪೆಟ್ಟಿಗೆಗಳಿಗೆ ಆಟ ಬರೆದವನು. ಅವನ ಒಂದು ಪೆಟ್ಟಿಗೆ ಈಗಲೂ ಕಾರಿಡಾರಿನಲ್ಲಿ, ನೀರಿನ ಫಿಲ್ಟರಿನ ಪಕ್ಕ, ಬಂದವರಿಗೆ ತೋರಿಸಲೆಂದು ನಿಂತಿತ್ತು. ಬಾವಿಗೆ ಬಿದ್ದ ಒಬ್ಬ ಗೋಡೆ ಹಿಡಿದು ಮೇಲೆ ಹತ್ತಬೇಕು. ಮೇಲಿಂದ ಯಾರೋ ಬಕೀಟು ಎಸೆಯುತ್ತಲೇ ಇರುತ್ತಾರೆ. ಇಷ್ಟೇ ಆಟ. ಕಚೇರಿಯ ಹುಡುಗ ಹುಡುಗಿಯರು ಒಂದೊಂದು ಸಲ ಆಡಿ, ತಲೆಗೆ ಬಕೀಟು ಬೀಳಿಸಿಕೊಂಡು, ಇದೇನು ಆಟವೋ ಶಿಕ್ಷೆಯೋ ಎಂದು ನೀರು ಕುಡಿದು ಹೋಗುತ್ತಿದ್ದರು.

"ಯಾಕಜ್ಜ ಇಷ್ಟು ಕ್ರೂರವಾಗಿ ಮಾಡಿದ್ರಿ?" ಎಂದು ಸೋಲಮ್ಮ ಒಮ್ಮೆ ಕೇಳಿದಳು.

"ಆಗಿನ ಆಟಕ್ಕೆ ನೀನು ಬೇಗ ಸಾಯ್ಬೇಕಿತ್ತು ಕಣಮ್ಮ. ಹಿಂದೆ ಇನ್ನೊಬ್ಬ ನಾಣ್ಯ ಹಿಡ್ಕೊಂಡು ನಿಂತಿರ್ತಿದ್ನಲ್ಲ. ಆಮೇಲೆ ಆಟ ಮನೆಗೇ ಬಂತು. ಒಂದೇ ಮಧ್ಯಾಹ್ನಕ್ಕೆ ಮುಗಿಸ್ಬಿಟ್ರೆ ತಗೊಂಡೋರು ಬೈತಾರೆ ಅಂತ ಆಗ್ಲೂ ಕಷ್ಟವಾಗೇ ಇಟ್ವಿ. ಆಮೇಲೆ ಸತ್ತ ಜಾಗದಿಂದ್ಲೇ ಶುರು ಮಾಡೋ ಹಾಗಾಯ್ತು. ಆಮೇಲೆ ದಾರಿ ತೋರಿಸೋಕೆ ಬಾಣದ ಗುರುತು ಬಂತು."

"ಈಗ?"

"ಈಗ ಆಟಕ್ಕೆ ಬೇಕಾಗಿರೋದು ಒಂದೇ. ನೀನು ಎದ್ದು ಹೋಗ್ಬಾರ್ದು."

ಎದ್ದು ಹೋಗದಂತೆ ನೋಡಿಕೊಳ್ಳಲು ಕಂಪನಿ ಆ ವರ್ಷ ಒಂದು ಹೊಸ ಏರ್ಪಾಟು ಮಾಡಿತ್ತು. ಆಡುವವರು ಬಳಲಿದ್ದು ಗೊತ್ತಾದರೆ ಆಟ ತಾನಾಗಿಯೇ, ಅವರಿಗೆ ತಿಳಿಯದ ಹಾಗೆ, ಸುಲಭವಾಗುತ್ತಿತ್ತು. ಅದಕ್ಕೆ ಕಚೇರಿಯವರು 'ದಯೆ' ಎಂದು ಹೆಸರಿಟ್ಟಿದ್ದರು. ಸೋಲಮ್ಮನ ಇಷ್ಟು ವರ್ಷಗಳ ಸೋಲುಗಳನ್ನೇ ಉಣಿಸಿ ಅದನ್ನು ಬೆಳೆಸಿದ್ದರು. ಆಟದೊಳಗೆ ಸೇತುವೆ ಕಾಯುವ ರಾಕ್ಷಸ ಕೊಡಲಿ ಎತ್ತುತ್ತಾನೆ. ದಯೆ ಬಂದರೆ, ಎತ್ತಿದ ಕೈ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಮೆತ್ತಗೆ ಹೊಡೆಯಲಿ ಎಂದು ಲೆಕ್ಕ ಹಾಕುವವನಂತೆ. ಆಮೇಲೆ ಕೊಡಲಿ ಗುರಿ ತಪ್ಪುತ್ತದೆ. ಆ ನಿಲ್ಲುವಿಕೆ ಬೇರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸೋಲಮ್ಮನಿಗೆ ಕಾಣುತ್ತಿತ್ತು. ಕೊಡಲಿ ಮುಖದ ಮೇಲೆ ಬರುವುದನ್ನು ಅಷ್ಟು ಸಲ ನೋಡಿದವರು ಇನ್ನೊಬ್ಬರಿರಲಿಲ್ಲ.

ಅನ್ನ ಹಾಕಿದವರ ಹಿಂದೆ ನಾಯಿಮರಿ ಹೋಗುವ ಹಾಗೆ ದಯೆ ಒಂದು ಸಂಜೆ ಅವಳ ಹಿಂದೆ ಮನೆಗೆ ಹೊರಟಿತು.

ಮೊದಲು ಬಸ್ಸು. ತಪ್ಪಿಹೋಯಿತು ಎಂದುಕೊಂಡು ಓಡುತ್ತಿದ್ದಳು. ಮುಚ್ಚುತ್ತಿದ್ದ ಬಾಗಿಲು ಅರ್ಧಕ್ಕೆ ನಿಂತು, ಆಮೇಲೆ ಹಿಂದಕ್ಕೆ ಸರಿಯಿತು. ಮರುದಿನ ಸೂಜಿಗೆ ದಾರ ಮೊದಲ ಸಲಕ್ಕೇ ಹೋಯಿತು. ಜನ್ಮದಲ್ಲಿ ತೆರೆಯದ ಡಬ್ಬಿ ಮುಚ್ಚಳ ಮುಟ್ಟಿದರೆ ತಿರುಗಿತು. ಬೀದಿ ನಾಯಿ ಅವಳನ್ನು ನೋಡಿ ಬಾಯಿ ತೆರೆದು, ಬೊಗಳು ಹೊರಗೆ ಬರುವ ಮೊದಲೇ ತಡೆದು, ಬಾಯಿ ಮುಚ್ಚಿಕೊಂಡು ದಾರಿ ಬಿಟ್ಟಿತು. ಅದೃಷ್ಟ ತಿರುಗಿತು ಎಂದು ಅವಳು ಖುಷಿಪಟ್ಟಳು. ನಾಯಿಯ ಕಣ್ಣು ಮಾತ್ರ ಸರಿ ಕಾಣಲಿಲ್ಲ.

ಮನೆಯಲ್ಲಿದ್ದದ್ದು ಅತ್ತೆ ಒಬ್ಬರೇ. ಗಂಡ ಲಾರಿ ಓಡಿಸುವವನು. ಬಟ್ಟೆ ಒಗೆಸಿಕೊಳ್ಳಲು ಬಂದು ಹೋಗುತ್ತಿದ್ದ. ಅತ್ತೆ ಸೊಸೆ ದಿನಾ ಸಂಜೆ ಅಡುಗೆಮನೆಯ ನೆಲದ ಮೇಲೆ ಕೂತು ಇಸ್ಪೀಟು ಆಡುತ್ತಿದ್ದರು. ಅತ್ತೆ ಮೋಸ ಮಾಡುತ್ತಿದ್ದರು. ತೊಡೆಯ ಕೆಳಗೆ ಸದಾ ಒಂದು ರಾಣಿ ಇರುತ್ತಿತ್ತು. ಸೋಲಮ್ಮ ಹಿಡಿಯುತ್ತಿದ್ದಳು, ಅತ್ತೆ ಒಪ್ಪುತ್ತಿರಲಿಲ್ಲ, ಜಗಳ ಸೀಲಿಂಗು ಮುಟ್ಟುತ್ತಿತ್ತು, ಆಮೇಲೆ ಊಟ. ಹೊರಗಿನವರಿಗೆ ಇದು ಸಂಸಾರದ ಕಷ್ಟವಾಗಿ ಕಂಡೀತು. ಸೋಲಮ್ಮ ಇಡೀ ದಿನ ಸತ್ತು ಸತ್ತು ಮನೆಗೆ ಬರುತ್ತಿದ್ದದ್ದೇ ಈ ಒಂದು ಜಗಳಕ್ಕೆ. ಅತ್ತೆಯೂ ಹಾಗೆಯೇ, ಬಾಗಿಲಲ್ಲಿ ಚಪ್ಪಲಿ ಸದ್ದಾದರೆ ಎಲೆ ಕಲಸಲು ಶುರುಮಾಡುತ್ತಿದ್ದರು.

ನಾಯಿ ದಾರಿ ಬಿಟ್ಟ ಸಂಜೆ ಅತ್ತೆಯ ಕೈ ತೊಡೆಯ ಕಡೆಗೆ ಹೋಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತಿತು. ಖಾಲಿ ಕೈ ವಾಪಸು ಬಂತು.

"ನೀನೇ ಗೆದ್ದೆ ಕಣಮ್ಮ," ಎಂದರು ಅತ್ತೆ. "ಎಷ್ಟು ಚೆನ್ನಾಗಿ ಆಡ್ತೀಯ!"

ಕಣಮ್ಮ! ಅತ್ತೆಯ ಬಾಯಲ್ಲಿ ಇದುವರೆಗೆ 'ಕಣೇ' ಬಂದಿತ್ತು, 'ಕತ್ತೆ' ಬಂದಿತ್ತು. ಸೋಲಮ್ಮ ಎಲೆ ಕೆಳಗಿಟ್ಟು ಊಟ ಬಡಿಸಿದಳು. ಪರೀಕ್ಷೆಗೆಂದು ಅತ್ತೆಯ ತಟ್ಟೆಗೆ ಒಂದು ಹಿಡಿ ಉಪ್ಪು ಸುರಿದು ಕಲಸಿಕೊಟ್ಟಳು. ಅತ್ತೆ ತುತ್ತು ಬಾಯಿಗಿಟ್ಟರು. ಕೆನ್ನೆ ಅಲುಗದೆ ನಿಂತಿತು. ಆಮೇಲೆ ನುಂಗಿದರು.

"ಹದವಾಗಿದೆ ಕಣಮ್ಮ."

ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಮುಖದಲ್ಲಿ ನಗು ಹಾಗೇ ಇತ್ತು. ತಟ್ಟೆ ಖಾಲಿ ಮಾಡಿ ಒಂದು ತಂಬಿಗೆ ನೀರು ಕುಡಿದರು. ಆ ನಗುವಿನ ಹಿಂದೆ ಎಲ್ಲೋ ಅತ್ತೆ ಬಾಗಿಲು ಬಡಿಯುತ್ತಿದ್ದಾರೆ, ಹೊರಗೆ ಬರಲಾಗುತ್ತಿಲ್ಲ ಎಂದು ಸೋಲಮ್ಮನಿಗೆ ಅನ್ನಿಸಿತು.

ಮರುದಿನ ಚಹಾದ ಲೋಟ ಹಿಡಿದವಳೇ ಕೇಳಿದಳು. "ಅಜ್ಜ, ಬಂದ ದಯೇನ ವಾಪಸ್ ಕಳಿಸೋದು ಹೇಗೆ?"

ಅಜ್ಜ ಅವಳ ಮುಖ ನೋಡಿದ. ತಮಾಷೆ ಮಾಡುವ ಮುಖವಾಗಿರಲಿಲ್ಲ ಅದು.

"ಗೆಲ್ಬೇಕು. ಅದರ ಕೈ ಆಡದ ಕಡೆ ಗೆಲ್ಬೇಕು, ಅದು ನೋಡ್ತಿರ್ಬೇಕಾದ್ರೇ. ಇವಳಿಗೆ ನಾನು ಬೇಡ ಅಂತ ಅದಕ್ಕೆ ಗೊತ್ತಾದ್ರೆ ಹೋಗುತ್ತೆ. ಹಾಗಂತ ನಾವು ಬರೆದಿದ್ವಿ." ಲೋಟದೊಳಗೆ ನೋಡುತ್ತ ಸೇರಿಸಿದ, "ಆದ್ರೆ ಗೆಲ್ಲೋ ಸೋಲಮ್ಮನ್ನ ಕಂಪನಿ ಯಾಕೆ ಇಟ್ಕೊಳ್ಳುತ್ತೆ ಅಂತಾನೂ ಯೋಚ್ನೆ ಮಾಡು."

"ಕೆಲ್ಸ ಇನ್ನೊಂದು ಸಿಗುತ್ತೆ ಅಜ್ಜ. ಅಂಥ ಅತ್ತೆ ಎಲ್ಲಿ ಸಿಗ್ತಾರೆ?"

ಕೈ ಆಡದ ಜಾಗವೆಂದರೆ ಕಾರಿಡಾರಿನ ಪೆಟ್ಟಿಗೆ. ಅದರೊಳಗೆ ದಯೆ ಹೊಗುವಷ್ಟು ಜಾಗವೇ ಇರಲಿಲ್ಲ. ಸೋಲಮ್ಮ ಮೊದಲ ಸಲ ನಿಂತು ಗುಂಡಿ ಒತ್ತಿದಳು. ಬಕೀಟು ಬಂತು, ಎಲ್ಲೂ ನಿಲ್ಲದೆ, ಯಾವ ಲೆಕ್ಕವನ್ನೂ ಹಾಕದೆ, ನೇರ ತಲೆಗೆ ಬಿತ್ತು. ಆಟ ಮುಗಿಯಿತು. ಅವಳಿಗೆ ಅಳು ಬರುವಷ್ಟು ಸುಖವಾಯಿತು.

ಅಂದಿನಿಂದ ಊಟದ ವಿರಾಮ ಪೂರ್ತಿ ಅಲ್ಲೇ. ಬಾವಿಯವನು ಬೀಳುತ್ತಿದ್ದ, ಏಳುತ್ತಿದ್ದ. ಬಕೀಟುಗಳಿಗೂ ಒಂದು ತಾಳ ಇದೆ ಎಂದು ಅವಳ ಬೆರಳಿಗೆ ಮೆಲ್ಲಗೆ ಅರ್ಥವಾಗತೊಡಗಿತು. ಬೆನ್ನ ಹಿಂದೆ ಯಾರೋ ನಿಂತು ನೋಡುತ್ತಿರುವ ಹಾಗೆ ಆಗುತ್ತಿತ್ತು. ತಿರುಗಿದರೆ ಯಾರೂ ಇರುತ್ತಿರಲಿಲ್ಲ. ಫಿಲ್ಟರಿನ ನಲ್ಲಿಯಿಂದ ಬಿದ್ದ ಹನಿ ಮಾತ್ರ ಗಾಳಿಯಲ್ಲಿ ನಿಂತಿರುತ್ತಿತ್ತು. ಅವಳು ನೋಡಿದ ಮೇಲೆ, ಸಿಕ್ಕಿಬಿದ್ದವರ ಹಾಗೆ, ತಟ್ಟನೆ ಬೀಳುತ್ತಿತ್ತು.

ಮನೆಯಲ್ಲಿ ಅತ್ತೆ ದಿನದಿನಕ್ಕೆ ಇನ್ನಷ್ಟು ಒಳ್ಳೆಯವರಾಗುತ್ತಿದ್ದರು. ಕೊನೆಗೆ ಎಲೆ ಹಂಚುವ ಮೊದಲೇ "ನೀನೇ ಗೆದ್ದೆ" ಎನ್ನುವ ಮಟ್ಟಕ್ಕೆ ಬಂದರು.

ಅದರ ಮರುದಿನ ಸೋಲಮ್ಮ ಬಾವಿಯವನನ್ನು ದಡ ಮುಟ್ಟಿಸಿದಳು. ಮೇಲೆ ಬಕೀಟು ಎಸೆಯುತ್ತಿದ್ದದ್ದು ಯಾರೆಂದು ನೋಡಿದರೆ ಅಲ್ಲಿ ಯಾರೂ ಇರಲಿಲ್ಲ. ಪರದೆಯ ಮೇಲೆ 'ಮುಗಿಯಿತು' ಎಂದು ಬಂತು. ನಲ್ಲಿಯ ಹನಿ ಟಪ್, ಟಪ್, ಟಪ್ ಎಂದು ಸಲೀಸಾಗಿ ಬೀಳುತ್ತಿತ್ತು. ಕಚೇರಿಯವರೆಲ್ಲ ಬಂದು ಚಪ್ಪಾಳೆ ತಟ್ಟಿದರು. ಮುಖ್ಯಸ್ಥ ಕೈ ಕುಲುಕಿ, ಸತ್ತ ಮನೆಗೆ ಬಂದವನ ದನಿಯಲ್ಲಿ ಅಭಿನಂದಿಸಿ, ನಾಳೆಯಿಂದ ಬರಬೇಕಾಗಿಲ್ಲ ಎಂದ.

ಬಸ್ಸು ಅವಳ ಮೂಗಿನ ಮುಂದೆಯೇ ಹೊರಟುಹೋಯಿತು. ನಾಯಿ ಬೀದಿಯ ಕೊನೆಯವರೆಗೆ ಬೊಗಳಿತು. ಬೀಗದಲ್ಲಿ ಕೀಲಿ ಸಿಕ್ಕಿಕೊಂಡಿತು. ಸೋಲಮ್ಮ ಕಣ್ಣೀರಿನಲ್ಲಿ ನಗುತ್ತ ಕೀಲಿ ಜಗ್ಗಿದಳು.

"ಬಾಗಿಲು ಮುರೀತೀಯೇನೇ, ಕತ್ತೆ?" ಒಳಗಿಂದ ಕೂಗು ಬಂತು.

"ಅತ್ತೆ! ನನ್ನ ಕೆಲ್ಸ ಹೋಯ್ತು!"

"ಸೋಲೋಕೂ ಬರ್ಲಿಲ್ವಾ ನಿಂಗೆ? ಕೂತ್ಕೋ."

ಇಬ್ಬರೂ ನೆಲದ ಮೇಲೆ ಕೂತರು. ಅತ್ತೆ ಎಲೆ ಹಂಚಿದರು, ಅವತ್ತು ತಟ್ಟೆಗೆ ಅಷ್ಟು ಉಪ್ಪು ಸುರಿದವಳು ಯಾರು ಎಂದು ಬೈದರು, ಮಗನನ್ನು ಬೈದರು, ಲಾರಿಯನ್ನು ಬೈದರು. ಸೋಲಮ್ಮನಿಗೆ ಒಳ್ಳೆಯ ಎಲೆಗಳು ಬಂದಿದ್ದವು. ಒಂದು ಎಲೆ ಬಂದರೆ ಆಟ ಅವಳದು. ಆಗ ಅತ್ತೆಯ ಕೈ ಮೆಲ್ಲಗೆ ತೊಡೆಯ ಕಡೆಗೆ ಹೊರಟಿತು.

ಹೊರಟು, ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತಿತು.

ಆಮೇಲೆ ತೊಡೆಯ ಕೆಳಗೆ ಹೋಗಿ ರಾಣಿಯನ್ನು ಎಳೆದು ನೆಲಕ್ಕೆ ಬಡಿಯಿತು. "ಸೋತೆಯಲ್ಲೇ, ಕತ್ತೆ!" ಎಂದು ಅತ್ತೆ ಕೈ ತಟ್ಟಿ ನಕ್ಕರು. ದನಿ ಸರಿಯಾಗಿತ್ತು. ನಗು ಸರಿಯಾಗಿತ್ತು. ಸೋಲಮ್ಮ ಬೇಕೆಂದು ಬೇಡಿಕೊಂಡಿದ್ದನ್ನೇ ಯಾರೋ ತಂದಿಟ್ಟ ಹಾಗಿತ್ತು.

ಸದಾ ಸೋರುವ ಅಡುಗೆಮನೆಯ ನಲ್ಲಿಯಿಂದ ಈಗ ಹನಿ ಬೀಳುವ ಸದ್ದು ಕೇಳಿಸಲಿಲ್ಲ. ಅವಳು ತಿರುಗಿ ನೋಡಲಿಲ್ಲ.

ಎದ್ದು ಹೋಗಬಹುದಿತ್ತು. ಬಾಗಿಲು ತೆರೆದೇ ಇತ್ತು, ಕೀಲಿ ಇನ್ನೂ ಬೀಗದಲ್ಲೇ ನೇತಾಡುತ್ತಿತ್ತು. ಅತ್ತೆ ಅವಳ ಮುಖವನ್ನೇ ನೋಡುತ್ತ, ರೆಪ್ಪೆ ಬಡಿಯದೆ, ಕಾಯುತ್ತಿದ್ದರು.

"ಮೋಸ, ಅತ್ತೆ," ಎಂದಳು ಸೋಲಮ್ಮ, ಕಾಲು ಮಡಚಿ ಸರಿಯಾಗಿ ಕೂರುತ್ತ. "ಎಲೆ ಕಲಸಿ. ಇನ್ನೊಂದಾಟ."