ದಾರಿಯಲ್ಲಿ ಸೇರಿದ ಸೋಡಿಯಂ

ಆ ಮುದಿ ನಕ್ಷತ್ರದ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದಾಗ, ಸೋಡಿಯಂ ಇದೆ ಎಂದು ತೋರಿಸುವ ಗೆರೆಯಲ್ಲಿ ಬೆಳಕು ಕುಗ್ಗಿದ ಎರಡು ತಗ್ಗುಗಳು ಒತ್ತೊತ್ತಾಗಿ ಕಂಡಿದ್ದವು. ಒಂದು ನಕ್ಷತ್ರದ್ದು. ಇನ್ನೊಂದು, ಬೆಳಕು ಬರುವ ದಾರಿಯಲ್ಲಿ ತೇಲುತ್ತಿದ್ದ ಅನಿಲದ್ದು. ವೀಕ್ಷಣಾಲಯದಲ್ಲಿ ಅಳತೆ ಮಾಡುವ ಹುಡುಗಿ ಮೂರು ವಾರ ಕೂತು ಎರಡನ್ನೂ ಬೇರೆ ಮಾಡಿ, ಅಳತೆ ಪುಸ್ತಕದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಹಾಗೆಂದು ಬರೆದಿಟ್ಟಿದ್ದಳು. ಹಿರಿಯ ವಿಜ್ಞಾನಿ ಬರೆದು ಅಚ್ಚಿಗೆ ಹೊರಟ ಲೇಖನದಲ್ಲಿ ಎರಡೂ ನಕ್ಷತ್ರದ್ದೇ ಎಂಬಂತೆ ಮತ್ತೆ ಕೂಡಿಕೊಂಡಿದ್ದವು. ‘ಸೋಡಿಯಂ ತುಂಬಿದ ಅಪರೂಪದ ನಕ್ಷತ್ರ’ ಎಂಬ ತಲೆಬರಹದ ಕೆಳಗೆ ಅವಳ ಹೆಸರೂ ಇತ್ತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಲೇಖನದ ಹಾಳೆಯನ್ನೂ ಅಳತೆ ಪುಸ್ತಕವನ್ನೂ ಹಿಡಿದು ಹಿರಿಯ ವಿಜ್ಞಾನಿಯ ಕೋಣೆಗೆ ನುಗ್ಗಿದಳು.

“ಸರ್, ಎರಡನೇ ತಗ್ಗು ನಕ್ಷತ್ರದ್ದಲ್ಲ ಅಂತ ಬರೆದಿದ್ನಲ್ಲ?”

“ಓದ್ದೆ ಕಣಮ್ಮ. ಅದನ್ನ ತೆಗೆದ್ರೆ ಇದೂ ಹತ್ತರ ಜೊತೆ ಹನ್ನೊಂದು. ಯಾರು ಓದ್ತಾರೆ?”

“ನಮ್ಮಮ್ಮ ಗೆಣಸು ಅಗೆದ್ರೆ ಮಣ್ಣು ಕೊಡವಿ ತಕ್ಕಡಿಗೆ ಹಾಕ್ತಾಳೆ. ನೀವು ಮಣ್ಣನ್ನೂ ಗೆಣಸು ಅಂತ ತೂಗಿದೀರಿ.”

ಅವರು ನಕ್ಕರು. “ಸಾವಿರದಿನ್ನೂರು ಕೋಟಿ ವರ್ಷದ ಮುದುಕ ಅದು. ಬಂದು ನಮ್ಮ ಹತ್ರ ಜಗಳ ಆಡುತ್ತಾ?”

“ಅದು ಆಡಲ್ಲ ಅಂತಾನೇ ನಾನು ಆಡ್ತಿರೋದು.”

ಅವರ ಮೇಜಿನ ಮೇಲಿದ್ದ ಲೇಖನಿಯನ್ನೇ ಎತ್ತಿಕೊಂಡು ಅವಳು ಹಾಳೆಯ ಮೇಲಿದ್ದ ತನ್ನ ಹೆಸರನ್ನು ಹೊಡೆದುಹಾಕಿದಳು. ಅವರ ನಗು ನಿಂತಿತು.

“ಅಳತೆ ಮಾಡಿದೋರ ಸಹಿ ಇಲ್ದೆ ಪತ್ರಿಕೆಯೋರು ತಗೊಳಲ್ಲ, ಗೊತ್ತಲ್ಲ?”

“ಗೊತ್ತು, ಸರ್.”

ಅಳತೆ ಪುಸ್ತಕವನ್ನು ಕೆಂಪು ಶಾಯಿಯ ಪುಟಕ್ಕೇ ತೆರೆದು, ಅವರ ಮುಂದಿಟ್ಟು ಹೊರಗೆ ಬಂದಳು.