ಸ್ಲ್ಯಾಬಿನ ಕೆಳಗೆ ಚಹಾ

“ಸ್ಲ್ಯಾಬ್ ಅಷ್ಟ ಗಟ್ಟಿ ಇದ್ರ ಕೆಳಗ ಕುಂದರು ಮಾರಾಯಾ! ಈ ಸಲ ಯಾಕ ಅಂಜಾಕತ್ತೀ?” ಗುರಣ್ಣ ಸುತ್ತಿಗೆಯನ್ನು ಹೆಗಲಿಗೇರಿಸಿ ನಕ್ಕ.

ಅಂಜಿಕೆ ಅನ್ನುವ ಮಾತು ಮನೆ ಕಟ್ಟುವ ಗವಂಡಿ ಕೇದಾರಿಗೆ ಚುಚ್ಚಿತು. ಚುಚ್ಚದೆ ಇರುತ್ತದೆಯೇ? ಮೂವತ್ತು ವರ್ಷದಿಂದ ನೂಲ ಎಂಬ ಈ ಊರಿನಲ್ಲಿ ಅವನದೊಂದು ರೂಢಿ. ಸ್ಲ್ಯಾಬು ಗಟ್ಟಿಯಾಗುವ ತನಕ ಆನಿಕೆ ಕೊಟ್ಟ ಕಂಬ ಕೀಳುವ ದಿನ ತಾನು ಹಾಕಿದ ಸ್ಲ್ಯಾಬಿನ ಕೆಳಗೆ ಕಬ್ಬಿಣದ ಬುಟ್ಟಿ ಬೋರಲು ಹಾಕಿ ಕೂತು, ಬಶಿಯಲ್ಲಿ ಚಹಾ ಕುಡಿಯುವುದು. ಕೊನೆಯ ಕಂಬ ಬಿದ್ದ ಮೇಲೆಯೇ ಮನೆಯವರು ಒಳಗೆ ಕಾಲಿಡುವುದು.

ಆದರೆ ಹಣಮವ್ವನ ಈ ಮನೆಯ ಸ್ಲ್ಯಾಬು ಬೇರೆ. ಕೇದಾರಿಯ ಮಗಳು ಶುಭಾಂಗಿ ಕೊಲ್ಹಾಪುರದಲ್ಲಿ ಕಾಂಕ್ರೀಟು ಪರೀಕ್ಷಿಸುವ ಲ್ಯಾಬಿನಲ್ಲಿದ್ದಾಳೆ. ದೀಪಾವಳಿಗೆ ಬಂದವಳು ಊಟಕ್ಕೆ ಕೂತಾಗ ಹೇಳಿದ್ದಳು: “ಸುಣ್ಣದಕಲ್ಲು ಸುಟ್ಟು ಸಿಮೆಂಟ್ ಮಾಡ್ತಾರಪ್ಪಾ. ಒಂದ್ ಚೀಲಕ್ಕ ನಾಲ್ವತ್ತು ಕಿಲೋ ಕಾರ್ಬನ್ನಿನ ಹೊಗಿ ಗಾಳಿಗೆ ಹೋಗತೈತಿ. ನೀ ಎಷ್ಟ್ ಸ್ಲ್ಯಾಬ್ ಹಾಕೀದಿ?”

“ನಾಕನೂರು!” ಎಂದಿದ್ದ ಎದೆಯುಬ್ಬಿಸಿ. ಅಂದ ಮೇಲೆ ಲೆಕ್ಕ ಹಾಕಿದ. ನಾಲ್ಕು ನೂರು ಮನೆಗೆ ನೆರಳು ಕೊಟ್ಟೆನೆಂದು ಮೀಸೆ ತಿರುವಿಕೊಂಡು ಓಡಾಡಿದವನು, ಅಷ್ಟು ಹೊಗೆಯನ್ನೂ ನಾನೇ ಬಿಟ್ಟೆನಲ್ಲ ಎಂದು ಸಂಕಟಪಟ್ಟ. ಅಂದಿನಿಂದ ಒಂದೇ ಹಟ. ಇನ್ನು ಮೇಲೆ ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ಅರ್ಧಕ್ಕರ್ಧ ಬೆರೆಸಿದ ಸಿಮೆಂಟೇ ಸೈ. ಸುಡುವ ಕಲ್ಲು ಅರ್ಧ, ಹೊಗೆಯೂ ಹೆಚ್ಚುಕಡಿಮೆ ಅರ್ಧ. ತೊಡಕು ಒಂದೇ, ಅದು ನಿಧಾನಕ್ಕೆ ಗಟ್ಟಿಯಾಗುವ ಮಾಲು. ಇಪ್ಪತ್ತೊಂದು ದಿನ ಕಂಬ ಮುಟ್ಟಬೇಡ ಎಂದಿದ್ದಳು ಶುಭಾಂಗಿ. ಊರಿನ ಲೆಕ್ಕ ಹತ್ತು ದಿನ. ಇವತ್ತು ಹತ್ತನೆಯದು, ಕಂಬ ಮತ್ತು ಸ್ಲ್ಯಾಬಿನಡಿಯ ತಗಡಿನ ಪ್ಲೇಟುಗಳನ್ನು ಬಾಡಿಗೆಗೆ ಕೊಡುವ ಗುರಣ್ಣ ಬಾಗಿಲಲ್ಲಿ ನಿಂತಿದ್ದ.

“ನಾಳಿ ಕೋವಾಡದಾಗ ಬ್ಯಾರೆ ಮನಿಗೆ ನನ್ನ ಪ್ಲೇಟ್ ಬೇಕು. ಇಂಥಾ ಬೂದಿ ಸ್ಲ್ಯಾಬಿಗೆ ಕಾಯ್ಕೋತ ಕುಂದರಲ್ಯಾ?”

ಹೊರಗೆ ಹತ್ತಿಪ್ಪತ್ತು ಮಂದಿ ಸೇರಿದ್ದರು. ಕೇದಾರಿಗೆ ರೋಷ ಉಕ್ಕಿತು. ಬುಟ್ಟಿ ಬೋರಲು ಹಾಕಿ ಕೂತೇಬಿಟ್ಟ. “ಹಣಮವ್ವಾ, ಚಾ ತಾ! ಹೊಡಿಯೋ ಗುರಣ್ಣ!”

ಕುರಿ ಸಾಕಿ, ಇಪ್ಪತ್ತು ವರ್ಷ ತಗಡಿನ ಕೆಳಗೆ ಬೆಂದು ಈ ಮನೆ ಎಬ್ಬಿಸಿದ ಹಣಮವ್ವ ಬಶಿಯನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದಳು. ಒಳಗೆ ಬರುವ ಧೈರ್ಯ ಆಕೆಗಾಗಲಿಲ್ಲ. ಕೇದಾರಿಯೇ ಕೈಚಾಚಿ ಬಶಿ ತೆಗೆದುಕೊಂಡ.

“ಅಪ್ಪಾ, ಏಳು!”

ಬಸ್ಸಿಳಿದು ಓಡಿಬಂದ ಶುಭಾಂಗಿ ಏದುಸಿರು ಬಿಡುತ್ತಿದ್ದಳು. ಸ್ಲ್ಯಾಬು ಹಾಕಿದ ದಿನ ಅದೇ ಮಾಲಿನಿಂದ ಎರಕ ಹೊಯ್ದ ಕಾಂಕ್ರೀಟಿನ ಗಟ್ಟಿಗಳನ್ನು ಅವಳು ಲ್ಯಾಬಿಗೆ ಒಯ್ದಿದ್ದಳು. ಅವುಗಳಲ್ಲಿ ಕೆಲವನ್ನು ಏಳನೆಯ ದಿನ ಒಡೆದು ನೋಡಿದ್ದಳು; ಫೋನಿನಲ್ಲಿ ಹೇಳಿದರೆ ಮಂದಿಯೆದುರು ಅಪ್ಪ ಕೇಳುವವನಲ್ಲ ಎಂದು ಹತ್ತನೆಯ ದಿನಕ್ಕೆ ತಾನೇ ಬಂದಿದ್ದಳು.

“ಕಂಬ ಕೀಳಾಕ ಗಟ್ಟಿತನ ಇಪ್ಪತ್ತು ಬರಬೇಕು. ಹನ್ನೊಂದ ಬಂದೈತಿ. ಇನ್ನಾ ಹಸಿ ಐತಿ.”

“ಮಂದಿ ನೋಡಾಕತ್ತಾರವ್ವಾ,” ಕೇದಾರಿ ತಗ್ಗಿದ ದನಿಯಲ್ಲಿ ಅಂದ. “ನಾ ಎದ್ದೆ ಅಂದ್ರ ಈ ಸಿಮೆಂಟ್ ನೂಲದಾಗ ಇನ್ಯಾರೂ ಮುಟ್ಟಂಗಿಲ್ಲ.”

“ಬಿದ್ರ ಮುಟ್ಟತಾರೇನ?”

ಕೇದಾರಿ ಬಶಿಯನ್ನೇ ನೋಡಿದ. ಚಹಾದ ಮೇಲೆ ಕೆನೆ ಕಟ್ಟಿತ್ತು. ಮೂವತ್ತು ವರ್ಷದಲ್ಲಿ ಚಹಾ ಮುಗಿಸದೆ ಎದ್ದವನಲ್ಲ. ಎದ್ದ.

“ಹೌದಪಾ, ಅಂಜೀನಿ,” ಎಂದ ಗುರಣ್ಣನಿಗೆ, ಹೊರಗಿನವರಿಗೂ ಕೇಳುವಂತೆ. “ಇಪ್ಪತ್ತೊಂದಕ್ಕ ಬಾ. ಕೋವಾಡಕ್ಕ ಪ್ಲೇಟ್ ಮುಟ್ಟಿಸೂದು ನನಗ ಬಿಡು.”

ಮಾತಿಗೆ ತಪ್ಪಲಿಲ್ಲ. ಅವತ್ತೇ ಗಡಹಿಂಗ್ಲಜ ಪೇಟೆಗೆ ಹೋಗಿ, ಯಾರ್ಯಾರದೋ ಕೈಕಾಲು ಹಿಡಿದು ಬೇರೆ ಪ್ಲೇಟು ಹೊಂದಿಸಿ ಕಳಿಸಿದ. ಆದರೆ ಊರ ಬಾಯಿಗೆ ಕೀಲಿ ಹಾಕುವವರು ಯಾರು? “ಕೇದಾರಿ ಮೊಸರಿಗೆ ಹೆಪ್ಪ ಹಾಕ್ಯಾನ, ಅಳ್ಳಾಡಿಸಬ್ಯಾಡ್ರೋ!” ಎಂದು ಚಹಾದಂಗಡಿಯಲ್ಲಿ ನಗೆ. ಮನೆ ಕಟ್ಟಿಸಲು ಮಾತು ಕೊಟ್ಟಿದ್ದ ಇಬ್ಬರು ಬೇರೆ ಗವಂಡಿಯನ್ನು ಹಿಡಿದರು. ಅದರಿಂದ ಅವನಿಗೆ ಭಾಳ ನೋವಾಯಿತು. ಆದರೂ ದಿನಾ ಬೆಳಿಗ್ಗೆ ಏಣಿ ಹತ್ತುವುದು, ಸ್ಲ್ಯಾಬಿನ ಮೇಲೆ ಕಟ್ಟಿದ ಮಣ್ಣಿನ ಒಡ್ಡಿನೊಳಗೆ ನೀರು ತುಂಬುವುದು ಬಿಡಲಿಲ್ಲ. ಒಡ್ಡು ಸೋರಿದರೆ ಕೂತು ಮೆತ್ತುತ್ತಿದ್ದ.

ಇಪ್ಪತ್ತೊಂದನೆಯ ದಿನ ಮಂದಿ ಇಮ್ಮಡಿ. ಶುಭಾಂಗಿ ಉಳಿದ ಗಟ್ಟಿಗಳ ಫಲ ಬರೆದ ಕಾಗದ ತಂದಿದ್ದಳು. “ಇಪ್ಪತ್ತೆರಡು,” ಎಂದಳು, ಅಷ್ಟೇ. ಕೇದಾರಿ ಬುಟ್ಟಿ ಬೋರಲು ಹಾಕಿದ. ಗುರಣ್ಣ ಈ ಸಲ ನಗಲಿಲ್ಲ. ಅಂಗೈಗೆ ಉಗುಳಿಕೊಂಡು ಸುತ್ತಿಗೆ ಎತ್ತಿದ.

ಮೊದಲ ಕಂಬ ಧಡ್ಡನೆ ಬಿತ್ತು. ಎರಡನೆಯದು. ಅಷ್ಟರಲ್ಲಿ ಹಣಮವ್ವ ಚಹಾ ತಂದಳು. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ಮೇಲೆ ನೋಡಿದಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು ಒಳಗೆ ಬಂದು, ಕೇದಾರಿಯ ಕೈಗೆ ಬಶಿ ಕೊಟ್ಟು ಅಲ್ಲೇ ನೆಲದ ಮೇಲೆ ಕೂತಳು.

“ಎವ್ವಾ, ಇನ್ನಾ ಕಂಬ ಅದಾವ! ಹೊರಗ ನಡಿ,” ಎಂದ ಕೇದಾರಿ ಗಾಬರಿಯಾಗಿ.

“ನನ್ನ ಮನಿ ಐತಿ. ನೀ ಚಾ ಕುಡಿ.”

ಶುಭಾಂಗಿ ಚಪ್ಪಲಿ ಬಿಟ್ಟು ಒಳಗೆ ಬಂದು ಆಕೆಯ ಪಕ್ಕದಲ್ಲಿ ಕೂತಳು. ಗುರಣ್ಣ ಮೂವರನ್ನೂ ನೋಡಿ, ಉಳಿದ ಕಂಬಗಳನ್ನು ಒಂದೊಂದಾಗಿ ಕೆಡವಿ ಕೊನೆಯದಕ್ಕೆ ಹೊಡೆದ. ಕಂಬ ಬಿತ್ತು, ಬಶಿಯ ಚಹಾ ಒಮ್ಮೆ ನಡುಗಿ ನಿಂತಿತು. ಕೇದಾರಿ ಊದಿ ಅರ್ಧ ಕುಡಿದು, ಉಳಿದದ್ದನ್ನು ಮಗಳ ಕಡೆಗೆ ಚಾಚಿದ.