ಪೂರ್ತಿ ಒಂದು ಹಾಡು

ಮದುವೆಯಾದಂದಿನಿಂದ ನಾನು ಒಂದೇ ಒಂದು ಹಾಡನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿರಲಿಲ್ಲ. ಬೇಕಾದರೆ ಆಣೆ ಮಾಡಿ ಹೇಳುತ್ತೇನೆ. ನಮ್ಮದು ತುಂಬಿದ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಅಂಗಡಿ, ಅದರ ಹಿಂದೆ ಅತ್ತೆ, ಭಾವ, ಓರಗಿತ್ತಿ, ಅವರ ಮಕ್ಕಳು, ನಮ್ಮ ಮಕ್ಕಳು, ಮತ್ತು ಎಲ್ಲರಿಗಿಂತ ದೊಡ್ಡ ಮಗುವಾದ ನನ್ನ ಗಂಡ. ರೇಡಿಯೊ ಹಚ್ಚಿ ಮಿಷನ್ನಿನ ಮುಂದೆ ಕೂತೆನೋ ಇಲ್ಲವೋ, ಪಲ್ಲವಿ ಮುಗಿಯುವುದರೊಳಗೆ ಒಳಗಿನಿಂದ ಒಂದು ಕೂಗು. ಟವೆಲ್ ಎಲ್ಲಿ, ಮಾತ್ರೆ ಎಲ್ಲಿ, ಕನ್ನಡಕ ಎಲ್ಲಿ? ಎಲ್ಲವೂ ಅವರವರ ಕಣ್ಣೆದುರಿಗೇ ಇರುತ್ತವೆ. ಆದರೂ ನಾನೇ ಎದ್ದು ಹೋಗಿ ಬೆರಳು ಮಾಡಿ ತೋರಿಸಬೇಕು. ತಿರುಗಿ ಬರುವಷ್ಟರಲ್ಲಿ ಹಾಡು ಮುಗಿದು ಸೋಪಿನ ಜಾಹೀರಾತು ಶುರುವಾಗಿರುತ್ತದೆ. ಹೀಗಾಗಿ ಸೋಪಿನ ಜಾಹೀರಾತುಗಳು ನನಗೆ ಬಾಯಿಪಾಠ.

ಬಟ್ಟೆ ಹೊಲಿಸಲು ಬರುತ್ತಿದ್ದ ಸಂಗೀತದ ಟೀಚರ್ ಒಮ್ಮೆ ದಕ್ಷಿಣದ ಊರುಗಳ ಮಾತು ತೆಗೆದರು. ಅಲ್ಲಿ ಒಂದು ಹಳೆಯ ಕಲ್ಲಿನ ಮಂದಿರವಿದೆಯಂತೆ. ಬೆಳಕು ಹರಿಯುವ ಮುಂಚೆ ಒಬ್ಬ ವಯಸ್ಸಾದ ಗಾಯಕರು ಯಾವ ವಾದ್ಯವೂ ಇಲ್ಲದೆ ಅಲ್ಲಿ ಹಾಡುತ್ತಾರಂತೆ. "ಪೂರ್ತಿ ಕೇಳಿ ಎದ್ದರೆ ಮನಸ್ಸು ಒಗೆದು ಹಾಕಿದ ಬಟ್ಟೆ ಥರ ಆಗುತ್ತೆ" ಎಂದರು. ಪೂರ್ತಿ ಎಂಬ ಆ ಒಂದು ಮಾತು ನನ್ನ ತಲೆ ಹೊಕ್ಕಿತು. ಅಂದು ಊಟಕ್ಕೆ ಎಲ್ಲರೂ ಸೇರಿದಾಗ, "ನಾನು ಒಂದು ವಾರ ದಕ್ಷಿಣದ ಕಡೆ ಹೋಗಿ ಬರ್ತೀನಿ, ಒಬ್ಬಳೇ" ಎಂದೆ.

"ಯಾರ ಜೊತೆ?" ಎಂದರು ನನ್ನ ಗಂಡ.

"ಒಬ್ಬಳೇ ಅಂದ್ನಲ್ಲ!"

"ಸರಿ ಮಾರಾಯ್ತಿ, ಒಬ್ಬಳೇ ಅಂದ್ರೆ ಯಾರ ಜೊತೆ?"

ಇಂಥವರಿಗೆ ಏನು ಹೇಳುವುದು? ಚೀಲ ಹೆಗಲಿಗೆ ಹಾಕಿ ಹೊರಟೇಬಿಟ್ಟೆ.

ಹೋದ ಊರುಗಳೆಲ್ಲ ಚೆನ್ನಾಗಿದ್ದವು. ನೃತ್ಯಶಾಲೆಯ ಕಿಟಕಿಯಲ್ಲಿ ಇಣುಕಿ ಹುಡುಗಿಯರ ಹೆಜ್ಜೆ ನೋಡಿದೆ. ತಣ್ಣಗಿನ ಕಲ್ಲಿನ ನೆಲದ ಮೇಲೆ ಕಣ್ಣು ಮುಚ್ಚಿ ಕೂತೆ. ಶಿಲ್ಪಿ ಕೆತ್ತಿದ ಸೆರಗಿನ ನೆರಿಗೆ ನೋಡಿ, ಕಲ್ಲಿಗೇ ಇಷ್ಟು ಚಂದ ನೆರಿಗೆ ಬರುವಾಗ ನನ್ನ ಕೈಲಿ ಬಟ್ಟೆಗೆ ಬರುವುದಿಲ್ಲವಲ್ಲ ಎಂದು ಹೊಟ್ಟೆಕಿಚ್ಚು ಪಟ್ಟೆ. ಆದರೆ ಹಾಡಿನ ವಿಷಯದಲ್ಲಿ ಮಾತ್ರ ಹಣೆಬರಹ ಬೆನ್ನು ಬಿಡಲಿಲ್ಲ. ಒಂದು ಕಡೆ ಗಾಯಕಿ ಮೇಲಿನ ಸ್ವರಕ್ಕೆ ಏರುವ ಹೊತ್ತಿಗೆ ಸರಿಯಾಗಿ ಓರಗಿತ್ತಿಯ ಫೋನು ಬಂತು, ಕುಕ್ಕರಿನ ರಬ್ಬರು ಎಲ್ಲಿ ಅಂತ. ಇನ್ನೊಂದು ಕಡೆ ಪಕ್ಕದಲ್ಲಿ ಕೂತ ಹೆಂಗಸು "ಒಂದು ನಿಮಿಷ ಹಿಡ್ಕೊಳ್ಳಿ" ಎಂದು ಮಗುವನ್ನು ನನ್ನ ಮಡಿಲಿಗೆ ಹಾಕಿ ಹೋದವಳು ಕಛೇರಿ ಮುಗಿದ ಮೇಲೆ ಬಂದಳು. ಹೀಗೆ ಆ ಕಲ್ಲಿನ ಮಂದಿರದ ಊರಿಗೆ ಬಂದಾಗ ನನಗೆ ಉಳಿದದ್ದು ಒಂದೇ ಮುಂಜಾವು. ಮರುದಿನ ಮಧ್ಯಾಹ್ನ ವಾಪಸು ಬಸ್ಸು.

ಆ ಬೀದಿಯಲ್ಲಿದ್ದದ್ದು ಒಂದೇ ವಸತಿಗೃಹ. ಅಲ್ಲಿಯ ಮ್ಯಾನೇಜರು ನನ್ನನ್ನೂ ನನ್ನ ಚೀಲವನ್ನೂ ನೋಡಿ, ನನ್ನ ಹಿಂದಿನ ಬಾಗಿಲನ್ನೂ ನೋಡಿದರು.

"ಜೊತೆಯಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

"ಒಬ್ಬೊಬ್ಬರೇ ಬಂದವರಿಗೆ ರೂಮು ಕೊಡೋದಿಲ್ಲಮ್ಮ. ಮಾಲೀಕರ ಆರ್ಡರು."

ನನಗೆ ಪಿತ್ತ ನೆತ್ತಿಗೇರಿತು. "ಯಾಕೆ, ಒಬ್ಬಳೇ ಮಲಗಿದ್ರೆ ನಿಮ್ಮ ಮಂಚ ಮುರಿಯುತ್ತಾ?" ಎಂದು ದನಿ ಎತ್ತಿದೆ. ಮ್ಯಾನೇಜರು ಸುತರಾಂ ಒಪ್ಪಲಿಲ್ಲ. ಮನೆಯಿಂದ ಫೋನು ಮಾಡಿಸಿ, ಯಜಮಾನರು ಮಾತಾಡಲಿ ಎಂದರು. ಒಬ್ಬಳೇ ಇರಲು ಗಂಡನ ಅಪ್ಪಣೆ ಕೇಳುವುದಾದರೆ ಇಷ್ಟು ದೂರ ಬಂದದ್ದು ಯಾವ ಪುರುಷಾರ್ಥಕ್ಕೆ?

ಅಷ್ಟರಲ್ಲಿ ಹೊರಗೆ ಒಂದು ವ್ಯಾನು ನಿಂತು ದೊಡ್ಡ ಸಂಸಾರವೊಂದು ದುಬುದುಬು ಒಳಗೆ ನುಗ್ಗಿತು. ಮುಂದೆ ಕೋಲೂರಿಕೊಂಡು ಒಬ್ಬ ಅಜ್ಜಿ, ಹಿಂದೆ ಎರಡು ಕೈಯಲ್ಲೂ ಸಾಮಾನು ಹೊತ್ತ ಅವರ ದೊಡ್ಡ ಮಗ, ಅವನ ಹಿಂದೆ ಸೊಸೆಯರು, ಮೊಮ್ಮಕ್ಕಳು. ಅಜ್ಜಿ ಬಾಗಿಲಲ್ಲೇ ನಿಂತು ನಮ್ಮ ಜಗಳವನ್ನು ಕೇಳಿಸಿಕೊಂಡರು. ಆಮೇಲೆ ನೆಟ್ಟಗೆ ಬಂದು ನನ್ನ ಬೆನ್ನಿಗೊಂದು ಗುದ್ದಿದರು.

"ಏನೇ, ನಮಗಿಂತ ಮುಂಚೆ ಬಂದ್ಬಿಟ್ಯಾ? ವ್ಯಾನು ಹತ್ತು ಅಂದ್ರೆ ಕೇಳಲ್ಲ ಇವಳು. ನನ್ನ ಮಗಳು ಸ್ವಾಮಿ, ಮೊದಲಿಂದಲೂ ಹೀಗೇನೇ!"

ಆ ಅಜ್ಜಿಯನ್ನು ನಾನು ನೋಡಿದ್ದು ಅದೇ ಮೊದಲು. ದೊಡ್ಡ ಮಗ ತಾಯಿಯ ಮುಖ ನೋಡಿದ, ನನ್ನ ಮುಖ ನೋಡಿದ, "ಬಾ ಅಕ್ಕ" ಎಂದ. ಮೂಲೆಯ ಸಣ್ಣ ಕೋಣೆ ನನ್ನದಾಯಿತು.

ಅಲ್ಲಿಗೆ ಬಾಯಿ ಮುಚ್ಚಿಕೊಂಡು ಬಾಗಿಲು ಹಾಕಿಕೊಂಡಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಕೈ ಸುಮ್ಮನಿರಬೇಕಲ್ಲ! ಸಣ್ಣ ಮೊಮ್ಮಗಳ ಫ್ರಾಕಿನ ಅಂಚು ಬಿಚ್ಚಿಹೋಗಿದ್ದು ಕಣ್ಣಿಗೆ ಬಿತ್ತು. ಚೀಲದಿಂದ ಸೂಜಿದಾರ ತೆಗೆದು ಅಲ್ಲೇ ನಾಲ್ಕು ಹೊಲಿಗೆ ಹಾಕಿದೆ. ಮುಗಿಯಿತು ಕಥೆ. ಒಬ್ಬಳ ತೋಳಿನ ಬಿಚ್ಚು, ಇನ್ನೊಬ್ಬನ ಜೇಬು, ದೊಡ್ಡ ಮಗನ ಪ್ಯಾಂಟಿನ ಗುಂಡಿ, ಎಲ್ಲವೂ ನನ್ನ ಮಡಿಲಿಗೆ ಬಂದವು. "ಅತ್ತೇ, ಇದು! ಅತ್ತೇ, ಅದು!" ಸಂಜೆಯೊಳಗೆ ನಾನು ನಿಜವಾದ ಅತ್ತೆಯೇ ಆಗಿಬಿಟ್ಟೆ. ದೊಡ್ಡ ಮಗ ಬೇರೆ ಮರುದಿನದ ಕಾರ್ಯಕ್ರಮ ಸಾರಿದ. ಬೆಳಿಗ್ಗೆ ತಿಂಡಿ ಮುಗಿಸಿ ಎಲ್ಲರೂ ಅಕ್ಕನ ಜೊತೆ ಒಟ್ಟಿಗೆ ಮಂದಿರ ನೋಡುವುದಂತೆ. ಹಾಡು ಅಷ್ಟು ಹೊತ್ತಿಗೆ ಮುಗಿದು ಯಾವ ಕಾಲವಾಗಿರುತ್ತದೋ! ನಾನು ಮುಂಜಾನೆ ಹೊರಡುತ್ತೇನೆ ಎಂದು ಬಾಯಿಬಿಟ್ಟರೆ ಈ ದಂಡೆಲ್ಲ ಹಿಂದೆ ಬರುತ್ತದೆ. ನನಗೆ ಅಳುವೇ ಬಂತು.

ಪಕ್ಕದಲ್ಲಿ ಕೂತಿದ್ದ ಅಜ್ಜಿ ಮೆಲ್ಲಗೆ, "ನೀನು ಒಬ್ಬಳೇ ಯಾಕೆ ಬಂದೆ?" ಎಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಜ್ಜಿ ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನ ಹತ್ತಿರಕ್ಕೆ ಸರಿದರು.

"ನೀನು ಬೆಳಿಗ್ಗೆ ಹೋಗು. ಒಂದು ನರಪಿಳ್ಳೆಯೂ ನಿನ್ನ ಹಿಂದೆ ಬರದ ಹಾಗೆ ನಾನು ನೋಡ್ಕೋತೀನಿ."

"ಅದು ಹೇಗೆ?"

"ನಂಗೆ ಹೊಟ್ಟೆನೋವು ಬರುತ್ತೆ."

"ಯಾವಾಗ?"

"ನೀನು ಗೇಟು ದಾಟಿದ ಮೇಲೆ."

ನಸುಕಿನಲ್ಲಿ ಫೋನನ್ನು ದಿಂಬಿನ ಕೆಳಗೆ ತುರುಕಿ, ಚಪ್ಪಲಿ ಕೈಯಲ್ಲಿ ಹಿಡಿದು ಹೊರಬಿದ್ದೆ. ಬೀದಿಯ ಕೊನೆಯಲ್ಲೇ ಮಂದಿರ. ಒಳಗೆ ಒಂದು ದೀಪ, ಕಂಬಕ್ಕೆ ಒರಗಿದ ಮೂರೋ ನಾಲ್ಕೋ ಜನ, ನಡುವೆ ಹೆಗಲಿಗೆ ಶಾಲು ಹೊದ್ದ ಗಾಯಕರು. ಅವರು ಬಾಯಿ ತೆರೆದರು. ಅಬ್ಬಾ! ಕಲ್ಲೇ ಹಾಡುತ್ತಿದೆಯೋ ಎನಿಸಿತು. ಆ ದನಿ ನೆಲದಿಂದ ನನ್ನ ಕಾಲಿಗೆ, ಕಾಲಿನಿಂದ ಎದೆಗೆ ಬಂತು. ಪಲ್ಲವಿ ಮುಗಿಯಿತು. ಯಾರೂ ಕೂಗಲಿಲ್ಲ. ಮೊದಲ ಚರಣ ಮುಗಿಯಿತು. ಆಗಲೂ ಯಾರೂ ಕೂಗಲಿಲ್ಲ. ಮುಂದೆ ಏನಿದೆ ಎಂದು ಗೊತ್ತಿಲ್ಲದ ದಾರಿಗೆ ನಾನು ಇಳಿದಿದ್ದೆ. ಸಂತೋಷಕ್ಕೆ ಕಣ್ಣೀರು ಸುರಿಯುತ್ತಿತ್ತು.

"ಅಕ್ಕಾ!"

ದೊಡ್ಡ ಮಗ. ಏದುಸಿರು ಬಿಡುತ್ತ, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಓಡಿ ಬಂದಿದ್ದ.

"ಅಕ್ಕಾ, ಅಮ್ಮನಿಗೆ ಹೊಟ್ಟೆನೋವು! ಉರುಳಾಡ್ತಿದ್ದಾರೆ! ನೀವಿದ್ರೆ ಏನಾದ್ರೂ ಮಾಡ್ತಿದ್ರಿ ಅಂತ ಎಲ್ಲರೂ ಅಂದ್ರು. ನೀವು ಈ ಕಡೆ ಬಂದಿದ್ದನ್ನ ವಾಚ್‌ಮನ್ ನೋಡಿದ್ನಂತೆ."

ಗಾಯಕರು ನಿಲ್ಲಿಸಿದರು. ಅಜ್ಜಿ ನಾಟಕವನ್ನು ಅದೆಷ್ಟು ಚೆನ್ನಾಗಿ ಆಡಿದ್ದರೆಂದರೆ, ಯಾರನ್ನು ಕಾಪಾಡಬೇಕಿತ್ತೋ ಅವಳ ಬುಡಕ್ಕೇ ಬಂದಿತ್ತು. ನನ್ನ ಕಾಲು ಅಭ್ಯಾಸಬಲದಿಂದ ಆಗಲೇ ಅರ್ಧ ಎದ್ದಿತ್ತು. ನಿಜವಾಗಿಯೇ ನೋವು ಬಂದಿದ್ದರೆ ಎಂದು ಹೆದರಿದೆ.

"ಅಮ್ಮ ಏನು ಹೇಳ್ತಿದ್ದಾರೆ?" ಎಂದೆ.

"'ನನ್ನನ್ನ ಬಿಟ್ಟು ಯಾರೂ ಎಲ್ಲಿಗೂ ಹೋಗ್ಬೇಡಿ, ಮಂದಿರದ ಕಡೆಯಂತೂ ಹೋಗಲೇಬೇಡಿ' ಅಂತ ಒಂದೇ ಸಮ ಕೂಗ್ತಿದ್ದಾರೆ."

ನನ್ನ ಜೀವ ತಣ್ಣಗಾಯಿತು. ಅದರ ಹಿಂದೆಯೇ ಇಷ್ಟು ವರ್ಷಗಳ ಸಿಟ್ಟು ಒಟ್ಟಿಗೆ ಬಂತು.

"ಅಮ್ಮನಿಗೆ ಏನೂ ಆಗಲ್ಲ, ನನ್ನ ಮಾತು ನಂಬು. ಕೂತ್ಕೋ ಇಲ್ಲಿ. ಹಾಡು ಮುಗಿಯೋವರೆಗೆ ನಾನು ಏಳಲ್ಲ!"

ಕಲ್ಲಿನ ಮಂದಿರವಲ್ಲವೇ, ನನ್ನ ಮಾತನ್ನು ನಾಲ್ಕು ಗೋಡೆಗಳೂ ತಿರುಗಿ ಹೇಳಿದವು. ಈ ಮಾತನ್ನು ಮನೆಯಲ್ಲಿ ಒಮ್ಮೆಯೂ ಹೇಳಿದವಳಲ್ಲ ನಾನು. ಹೇಳಿದರೆ ಜನ ಕೂರುತ್ತಾರೆ ಎನ್ನುವುದೂ ಗೊತ್ತಿರಲಿಲ್ಲ. ದೊಡ್ಡ ಮಗ ಕೂತ.

ಗಾಯಕರು ನಗುತ್ತ ನನ್ನ ಕಡೆ ನೋಡಿ, "ಎಲ್ಲಿಗೆ ನಿಲ್ಲಿಸಿದ್ದೆ ತಾಯಿ?" ಎಂದರು.

"ಮೊದಲಿಂದ ಹಾಡಿ" ಎಂದೆ.

ಅವರು ಮೊದಲಿನಿಂದ ಹಾಡಿದರು, ಕೊನೆಯವರೆಗೂ ಹಾಡಿದರು. ನಾನು ಪೂರ್ತಿ ಕೇಳಿದೆ. ದೊಡ್ಡ ಮಗ ಮೊದಮೊದಲು ಬಾಗಿಲ ಕಡೆ ನೋಡುತ್ತಿದ್ದವನು ಆಮೇಲೆ ನೋಡುವುದನ್ನು ಬಿಟ್ಟ. ಹಾಡು ನಿಂತಾಗ ಅವನು ಶರ್ಟಿನ ತೋಳಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ.

ನಾವು ಬಂದಾಗ ಅಜ್ಜಿ ಬಿಸಿನೀರಿನ ಚೀಲವನ್ನು ಹೊಟ್ಟೆಗಿಟ್ಟುಕೊಂಡು ಇಡೀ ಸಂಸಾರದ ನಡುವೆ ನರಳುತ್ತಿದ್ದರು. "ನೀವೆಲ್ಲ ತಿಂಡಿಗೆ ಹೋಗಿ, ನಾನಿರ್ತೀನಿ" ಎಂದು ಎಲ್ಲರನ್ನೂ ಸಾಗಹಾಕಿದೆ. ಅಜ್ಜಿ ಥಟ್ಟನೆ ಎದ್ದು ಕೂತರು.

"ಪೂರ್ತಿ ಕೇಳಿದ್ಯಾ?"

"ಒಂದೂವರೆ ಹಾಡು ಕೇಳಿದೆ. ನಿಮ್ಮ ಮಗನೂ ಕೇಳಿದ."

"ಅವನೂ ಕೇಳಿದ್ನಾ? ಹಾಗಾದ್ರೆ ನಾಳೆ ನನ್ನ ಸರದಿ. ಒಬ್ಬಳೇ ಹೋಗ್ತೀನಿ. ನಿನ್ನಷ್ಟೇ ಅಲ್ಲ ಕಣೇ, ನಿನಗಿಂತ ಮೂವತ್ತು ವರ್ಷ ಜಾಸ್ತಿ ಕಾದಿದ್ದೀನಿ."

"ಅಯ್ಯೋ, ನಂಗೆ ಇವತ್ತು ಮಧ್ಯಾಹ್ನ ಬಸ್ಸಿದೆ!"

"ಹೊಟ್ಟೆನೋವಿರೋಳು ಬಸ್ಸು ಹತ್ತೋದುಂಟೇನೇ?"

ಮನೆಗೆ ಫೋನು ಮಾಡಿ ಇನ್ನೊಂದು ದಿನ ತಡ ಎಂದು ಹೇಳಿದೆ, ಅಪ್ಪಣೆ ಕೇಳಲಿಲ್ಲ. ಮರುದಿನ ನಸುಕಿನಲ್ಲಿ ಗೇಟಿನ ಸದ್ದಾದದ್ದೇ ತಡ, ಹಾಸಿಗೆಯಲ್ಲಿ ಹೊರಳಿ "ಅಯ್ಯಯ್ಯೋ" ಎಂದು ಕಿರುಚಿದೆ. ಎಲ್ಲರೂ ಎದ್ದು ಬಿದ್ದು ಬಂದರು. ಒಬ್ಬಳು ಬಿಸಿನೀರು ತಂದಳು, ಒಬ್ಬಳು ಕಾಲು ಒತ್ತಿದಳು, ಸಣ್ಣ ಮೊಮ್ಮಗಳು ನನ್ನ ಹೊಟ್ಟೆಗೆ ಊದಿದಳು. ದೊಡ್ಡ ಮಗ ಮಾತ್ರ ಕಿಟಕಿಯ ಆಚೆ ಬೀದಿಯ ಕೊನೆಯತ್ತ ಒಮ್ಮೆ ನೋಡಿ, ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತ. ಅಜ್ಜಿ ಎಲ್ಲಿ ಎಂದು ಯಾರಾದರೂ ಕೇಳಿದಾಗಲೆಲ್ಲ ನನ್ನ ನೋವು ಜಾಸ್ತಿಯಾಯಿತು.